ಎಂಟು ನಿಮಿಷದ ಬಣ್ಣ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8.15

ಶೂ ಬಂದಿವೆ. ನೂರಿಪ್ಪತ್ತು ಜೊತೆ. ಡಬ್ಬಿಯ ಮೇಲೆ ಎಂದಿನಂತೆ ಅದೇ — 'ಚರ್ಮದ ಬಣ್ಣ'. ಯಾರ ಚರ್ಮವೋ ದೇವರೇ ಬಲ್ಲ. ಒಳಗೆ ತಿಳಿಗುಲಾಬಿ ಸ್ಯಾಟಿನ್. ಈ ಬ್ಯಾಲೆ ಕಂಪನಿಯ ಉಡುಪಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇವೇ ಡಬ್ಬಿಗಳನ್ನು ಬಿಚ್ಚುತ್ತಿದ್ದೇನೆ. ಆ ಬಣ್ಣದ ಮನುಷ್ಯರನ್ನು ಇನ್ನೂ ಕಂಡಿಲ್ಲ. ಆಗ ತಾನೇ ಹುಟ್ಟಿದ ಇಲಿಮರಿಗೆ ಇದ್ದೀತು.

ಕುಣಿಯುವವರು ನಲವತ್ತೆರಡು ಜನ. ನಮ್ಮ ಬಣ್ಣದವರು ಇಬ್ಬರು. ಒಬ್ಬಳು ಗಿಣಿ — ಬಾಯಿ ಮುಚ್ಚಿದ್ದನ್ನು ನಾನು ನೋಡಿಲ್ಲ. ಇನ್ನೊಬ್ಬಳು ನಮ್ಮ ಕೊಕ್ಕರೆ, ಅಕ್ಕನ ಮಗಳು. ಕಾಲೇ ಕಾಲು, ಅದಕ್ಕೆ ಆ ಹೆಸರು. ಸೊಂಟದಿಂದ ಹೆಬ್ಬೆರಳ ತುದಿಯವರೆಗೆ ಕಾಲು ಒಂದೇ ಗೆರೆಯಾಗಿ ಕಾಣಬೇಕು, ಬ್ಯಾಲೆ ಎಂದರೆ ಅಷ್ಟೇ ಎನ್ನುತ್ತಾರೆ. ಬಿಳಿ ಹುಡುಗಿಯರಿಗೆ ಆ ಗೆರೆ ಡಬ್ಬಿಯಲ್ಲೇ ಬರುತ್ತದೆ. ನಮ್ಮ ಇಬ್ಬರಿಗೆ ನಾನು ಬೇಯಿಸಿ ಕೊಡಬೇಕು. ಸ್ಟೀಲ್ ಪಾತ್ರೆ, ಬಿಸಿನೀರು, ವಿನಿಗರ್. ಕಂದು ಪುಡಿ, ಚಿಟಿಕೆ ಹಳದಿ, ಸೂಜಿಮೊನೆಯಷ್ಟು ಕಪ್ಪು. ಕಾಲಿಗೆ ಅಂಟಿ ಕೂರುವ ಟೈಟ್ಸ್, ಶೂ ಕಟ್ಟುವ ರಿಬ್ಬನ್, ತೋಳಿಗೆ ತೊಡುವ ಜಾಲರಿ ಎಲ್ಲ ಅದರಲ್ಲಿ ಅದ್ದಬೇಕು. ಶೂಗೆ ಅದೇ ಬಣ್ಣವನ್ನು ಸ್ಪಂಜಿನಿಂದ ಹಚ್ಚಬೇಕು.

ಬಣ್ಣದ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಗಿಣಿ: ಹದಿನಾಲ್ಕು ನಿಮಿಷ. ಕೊಕ್ಕರೆ: ಎಂಟು.

ಅದರ ವಿಷಯ ಇಲ್ಲಿ ಬೇಡ.

ಮಾರ್ಚ್ 5, ಬುಧವಾರ

ಮೆಟ್ಟಿಲ ಬಳಿ ಹೊಸ ಪೋಸ್ಟರ್. ಆಳೆತ್ತರ. ಕೊಕ್ಕರೆಯ ಮುಖ! ಕೆಳಗೆ ದಪ್ಪಕ್ಷರದಲ್ಲಿ — 'ಇಲ್ಲಿ ಎಲ್ಲರಿಗೂ ಅವರವರದೇ ಬಣ್ಣ'. ಓದುತ್ತಲೇ ಮೈ ಉರಿಯಿತು. ನಾಲ್ಕು ವರ್ಷದಿಂದ ಹುಡುಗಿ ಹಿಂದಿನ ಸಾಲಿನ ಕೊನೆಯವಳು. ರಂಗದ ಮೇಲೆ ಅವಳನ್ನು ಕಾಣಲು ಕುತ್ತಿಗೆ ಉದ್ದ ಮಾಡಬೇಕು. ಗೋಡೆಯ ಮೇಲೆ ಮಾತ್ರ ಮುಂದಿನ ಸಾಲು.

ಪಕ್ಕದಲ್ಲಿ ನೋಟಿಸ್. ನಿರ್ದೇಶಕರ ಸಹಿ. ಇನ್ನು ಮೇಲೆ ಶುಕ್ರವಾರ ಸಂಜೆ ನಾಲ್ಕಕ್ಕೆ 'ಮನಬಿಚ್ಚಿ ಮಾತು'. ಬಣ್ಣ, ಜನಾಂಗ, ಎಲ್ಲರನ್ನೂ ಒಳಗೊಳ್ಳುವುದು — ಏನು ಬೇಕಾದರೂ ಆಡಬಹುದಂತೆ. ನಡೆಸಿಕೊಡಲು ಹೊರಗಿನಿಂದ ಒಬ್ಬರು ಬರುತ್ತಾರೆ. ಉಡುಪಿನ ಕೋಣೆಯವರೂ ಬರಬೇಕಂತೆ.

ಗಿಣಿ ನೋಟಿಸ್ ಓದಿ, "ಆಂಟಿ, ಮನಸ್ಸು ಬಿಚ್ಚಿದ್ಮೇಲೆ ವಾಪಸ್ ಹೊಲಿಯೋಕೆ ನಿಮ್ಮನ್ನ ಕರೀತಿದಾರೆ" ಎಂದಳು. ನಕ್ಕೆ. ಆಮೇಲೆ ನಗು ಬರಲಿಲ್ಲ.

ಮಾರ್ಚ್ 7, ಶುಕ್ರವಾರ. ಸಂಜೆ 6

ಮಾತಾಯಿತು. ಎಷ್ಟು ಮನ ಬಿಚ್ಚಿತೋ ಗೊತ್ತಿಲ್ಲ, ನನ್ನ ತಲೆ ಮಾತ್ರ ಕೆಟ್ಟಿದೆ.

ಅಭ್ಯಾಸದ ಹಾಲಿನಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ನಡೆಸಿಕೊಡುವವಳು ಮಾತಿಗೊಮ್ಮೆ ಕೈ ಜೋಡಿಸುವ ಹೆಂಗಸು. ಅವಳಿಗೆ ಮಾತಿನಮ್ಮ ಎಂದು ಹೆಸರಿಟ್ಟಿದ್ದೇನೆ. "ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತೆ. ಯಾರೂ ಯಾರನ್ನೂ ಅಳೆಯೋದಿಲ್ಲ" ಎಂದಳು. ಅಳೆಯುವುದೇ ನನ್ನ ಕೆಲಸ.

ಮೊದಲು ನಿರ್ದೇಶಕರು ಇಪ್ಪತ್ತು ನಿಮಿಷ ಮಾತಾಡಿದರು. ಇತರರ ಮಾತು ಕೇಳುವುದು ಎಷ್ಟು ಮುಖ್ಯ ಎಂಬುದರ ಬಗ್ಗೆ.

ಎಲ್ಲರೂ ಅವರವರ ಮೊಣಕಾಲು ನೋಡುತ್ತಿದ್ದರು. ಕೊಕ್ಕರೆ ಎದ್ದಳು. ಮೆತ್ತಗೆ, ತಪ್ಪಿಲ್ಲದೆ, ಬಾಯಿಪಾಠ ಮಾಡಿಕೊಂಡು ಬಂದವಳ ಹಾಗೆ ಹೇಳಿದಳು — "ಬಿಳಿ ಅಂಕದಲ್ಲಿ ನಮ್ಮಿಬ್ಬರಿಗೆ ಬಿಳಿ ಬಳಿಯೋದು ಬೇಡ. ನಮ್ಮ ಮೈಯಲ್ಲೇ ಕುಣೀತೀವಿ."

ಬಿಳಿ ಅಂಕ ಎಂದರೆ ಏಪ್ರಿಲ್ ಪ್ರದರ್ಶನದ ಎರಡನೇ ಭಾಗ. ಇಪ್ಪತ್ತನಾಲ್ಕು ಹುಡುಗಿಯರು, ಬಿಳಿ ಉಡುಪು, ಬಿಳಿ ತಲೆಪಟ್ಟಿ. ಕತ್ತು, ಬೆನ್ನು, ತೋಳಿಗೆ ಬಿಳಿ ಬಳಿಯುವುದು ಹಳೇ ಪದ್ಧತಿ. ಬಕೆಟ್ಟಿನಲ್ಲಿ ಗ್ಲಿಸರಿನ್, ನೀರು, ಬಿಳಿ ಪುಡಿ ಕಲಸಿ ಸ್ಪಂಜಿನಿಂದ ಹಚ್ಚಬೇಕು. ಬಿಳಿಯವರಿಗೆ ಒಂದು ಕೈ ಸಾಕು. ನಮ್ಮ ಇಬ್ಬರಿಗೆ ಮೂರು. ಮೂರನೆಯದು ಆಗುವಷ್ಟರಲ್ಲಿ ಹುಡುಗಿ ಮಾಯವಾಗಿ ಸುಣ್ಣದ ಗೋಡೆ ನಿಂತಿರುತ್ತದೆ. ಕಲಸುವವಳು ನಾನು.

ಕೋಲು ಉತ್ತರ ಕೊಟ್ಟಳು. ಕೋಲು ಎಂದರೆ ಅಭ್ಯಾಸ ಮಾಡಿಸುವ ಟೀಚರ್. ಅರುವತ್ತು ದಾಟಿದರೂ ನೆಟ್ಟಗೆ. ನೆಲಕ್ಕೆ ಕೋಲು ಕುಟ್ಟದೆ ಒಂದು ವಾಕ್ಯ ಮುಗಿಸುವುದಿಲ್ಲ. "ಸಾಲು ಒಂದೇ ಆಗಿರಬೇಕು. ಇದರಲ್ಲಿ ಬಣ್ಣದ ಮಾತಿಲ್ಲ, ಸಾಲಿನ ಮಾತು." ಟಕ್. ಬಣ್ಣದ ಮಾತಿಲ್ಲವಂತೆ! ಮತ್ತೆ ಬಕೆಟ್ಟಿನಲ್ಲಿ ಏನಿದೆ, ಪಾಯಸವೇ?

ನಿರ್ದೇಶಕರು, "ನಿನ್ನ ಧೈರ್ಯ ಮೆಚ್ಚಬೇಕು" ಎಂದರು. ಮಾತಿನಮ್ಮ ಕೈ ಜೋಡಿಸಿದಳು. ಬೋರ್ಡಿನ ಮೇಲೆ 'ಬಿಳಿ?' ಎಂದು ಬರೆದುಕೊಂಡಳು. ಅಷ್ಟೇ.

ಕೊಕ್ಕರೆ ನನ್ನತ್ತ ನೋಡಿದಳು. 'ಚಿಕ್ಕಮ್ಮ ಒಂದು ಮಾತಾಡಲಿ' ಎಂಬ ನೋಟ. ಮಡಿಲಲ್ಲಿ ಲಂಗದ ಅಂಚು ಇತ್ತು. ಹೊಲಿಗೆ ಬಿಚ್ಚಿದೆಯೇ ಎಂದು ನೋಡುತ್ತ ಕೂತೆ. ಬಿಚ್ಚಿರಲಿಲ್ಲ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ

ಅಕ್ಕನ ಮನೆಯಲ್ಲಿ ಊಟ. ಊಟಕ್ಕಿಂತ ಬೈಗುಳವೇ ಜಾಸ್ತಿ.

"ಬಾಯಿ ಮುಚ್ಕೊಂಡು ಕುಣಿಯೋಕೆ ಏನಾಗಿತ್ತು ಇವಳಿಗೆ?" ಅಕ್ಕನಿಗೆ ಯಾರು ಸುದ್ದಿ ಮುಟ್ಟಿಸಿದರೋ. "ಹದಿನಾರು ವರ್ಷ ಮಂಡಿ ಸವೆಸಿದಾಳೆ. ಬಣ್ಣ ಸ್ವಲ್ಪ ಕಡಿಮೆ ಅಂತ ಗೊತ್ತಿದ್ದ ಮೇಲೆ ತಗ್ಗಿ ಬಗ್ಗಿ ಇರಬೇಕು."

ಬಣ್ಣ ಕಡಿಮೆ. ನಮ್ಮಮ್ಮ ನನ್ನ ಬಗ್ಗೆಯೂ ಬಂದವರ ಮುಂದೆ ಇದನ್ನೇ ಹೇಳುತ್ತಿದ್ದಳು. ಏನೋ ರೋಗದ ಹಾಗೆ, ದನಿ ತಗ್ಗಿಸಿ. ಇಪ್ಪತ್ತೆರಡು ವರ್ಷ ಬಣ್ಣ ಬೇಯಿಸಿದ್ದೇನೆ, ಲೆಕ್ಕ ಗೊತ್ತು ನನಗೆ. ಗಿಣಿಯ ಟೈಟ್ಸ್‌ಗೆ ಆರು ಚಮಚ ಪುಡಿ ಬೇಕು, ಬಿಳಿಯವರದಕ್ಕೆ ಚಿಟಿಕೆಯೂ ಬೇಡ. ನಮ್ಮಲ್ಲಿರುವುದು ಜಾಸ್ತಿ ಬಣ್ಣ ಕಣೇ, ಕಡಿಮೆಯಲ್ಲ! ಇದನ್ನು ಅಕ್ಕನ ಮುಖಕ್ಕೆ ಹೇಳಬೇಕಿತ್ತು. ಹೇಳಿದ್ದು — "ಅನ್ನ ಸಾಕು."

ಕೊಕ್ಕರೆ ತಟ್ಟೆಯ ಮುಂದೆ ಕೂತು ಒಂದೇ ಮಾತು ಆಡಿದಳು. "ಚಿಕ್ಕಮ್ಮ ನನ್ನ ಪರ ಇದಾಳೆ ಅಲ್ವಾ?"

"ಇಲ್ದೆ ಇನ್ನೇನು" ಎಂದೆ.

ಮಾರ್ಚ್ 14, ಶುಕ್ರವಾರ. ಸಂಜೆ 5.30

ಇದನ್ನು ಬರೆಯಲೇಬೇಕು.

ಎರಡನೇ ಮಾತು. ನಿರ್ದೇಶಕರು ಹಸನ್ಮುಖಿ. "ನಮ್ಮ ಕಂಪನಿ ಬರೀ ಬಾಯಲ್ಲಿ ಹೇಳೋದಿಲ್ಲ, ಮಾಡಿ ತೋರಿಸ್ತೀವಿ. ಉಡುಪಿನ ಕೋಣೆಯವರೇ, ನೀವು ಬಣ್ಣ ಹಾಕಿದ ಟೈಟ್ಸ್ ತನ್ನಿ." ತಂದೆ. ತರದೆ ಇರಲು ನೆಪ ಹುಡುಕಿದೆ, ಸಿಗಲಿಲ್ಲ. ಮಾತಿನಮ್ಮನಿಗೆ ಒಂದು ಉಪಾಯ ಹೊಳೆಯಿತು. ಹಾಳಾದ ಉಪಾಯ. ಹುಡುಗಿಯರು ಕಿಟಕಿಯ ಬಳಿ ಹೋಗಿ ಅವರವರ ಟೈಟ್ಸನ್ನು ಅವರವರ ಬರಿ ತೋಳಿನ ಪಕ್ಕ ಹಿಡಿಯಬೇಕಂತೆ. "ಕಂಪನಿ ನಿಮ್ಮನ್ನ ಹೇಗೆ ಕಾಣ್ತಿದೆ ಅಂತ ನೀವೇ ನೋಡ್ಕೊಳ್ಳಿ."

ಗಿಣಿ ಹಿಡಿದಳು. ಎಲ್ಲಿ ಬಟ್ಟೆ ಮುಗಿಯಿತು, ಎಲ್ಲಿ ತೋಳು ಶುರುವಾಯಿತು ಗೊತ್ತಾಗಲಿಲ್ಲ. ಚಪ್ಪಾಳೆ.

ಕೊಕ್ಕರೆ ಹಿಡಿದಳು. ಹಗಲ ಬೆಳಕು. ಅವಳದು ಚೆನ್ನಾಗಿ ಹುರಿದ ಕಾಫಿಬೀಜದ ಬಣ್ಣ. ಪಕ್ಕದಲ್ಲಿ ಹಾಲು ಹೆಚ್ಚಾದ ಚಹಾ. ಎರಡಕ್ಕೂ ಸಂಬಂಧವೇ ಇಲ್ಲ. ಚಪ್ಪಾಳೆ ಅರ್ಧಕ್ಕೆ ನಿಂತಿತು.

ಅವಳು ತಿರುಗಿಸಿ ನೋಡಿದಳು. ಇನ್ನೊಂದು ಜೊತೆ ಎತ್ತಿಕೊಂಡು ನೋಡಿದಳು. ರಿಬ್ಬನ್ ನೋಡಿದಳು. ಎಲ್ಲವೂ ಒಂದಕ್ಕೊಂದು ಹೊಂದುತ್ತಿದ್ದವು. ಅವಳಿಗೊಂದು ಬಿಟ್ಟು.

"ಚಿಕ್ಕಮ್ಮ. ಲೈಟಿನಡಿ ಸರಿಹೋಗುತ್ತೆ ಅಂದಿದ್ದೆ ನೀನು."

ಹೌದು. ಪ್ರತಿ ವರ್ಷ ಅಂದಿದ್ದೆ. ಅವಳು ಕೇಳಿದಾಗಲೆಲ್ಲ ಅಂದಿದ್ದೆ. ಬಣ್ಣದ ಕೆಲಸದವಳು ಹೇಳಿದ ಮೇಲೆ ಯಾರು ನಂಬುವುದಿಲ್ಲ?

ನಲವತ್ತು ಜೊತೆ ಕಣ್ಣು ನನ್ನ ಮೇಲೆ. ಬಾಯಿಗೆ ಬಂದದ್ದು ಇದು — "ಈ ಸಲದ ಪುಡಿ ಸರಿಯಿಲ್ಲ. ಪ್ಯಾಕೆಟ್ಟಿನ ದೋಷ."

ಗಿಣಿ ತಟ್ಟನೆ, "ನಂದೂ ಅದೇ ಪ್ಯಾಕೆಟ್ ಅಲ್ವಾ ಆಂಟಿ?"

ಯಾರೂ ನಗಲಿಲ್ಲ. ಕೊಕ್ಕರೆ ಟೈಟ್ಸನ್ನು ನಾಲ್ಕು ಮಡಿಕೆ ಮಾಡಿ ನನ್ನ ಮಡಿಲಲ್ಲಿಟ್ಟು ಹೊರಟುಹೋದಳು. ಮಡಚಲು ಕಲಿಸಿದವಳೂ ನಾನೇ.

ಮಾರ್ಚ್ 15, ಶನಿವಾರ. ಬೆಳಿಗ್ಗೆ

ಸರಿ. ಬರೆದುಬಿಡುತ್ತೇನೆ. ಇಲ್ಲಿ ಯಾರಿಗೆ ಸುಳ್ಳು ಹೇಳಬೇಕು?

ನಾನು ಕೆಲಸಕ್ಕೆ ಸೇರಿದ ವರ್ಷ ಒಬ್ಬ ಹುಡುಗಿ ಇದ್ದಳು. ನಮಗಿಂತ ಕಪ್ಪು. ಅವಳು ಹಾರಿದರೆ ಕೆಳಗೆ ಬರಲು ಮರೆತುಬಿಟ್ಟಳೇನೋ ಅನ್ನಿಸುತ್ತಿತ್ತು. ಮುಂದಿನ ಸಾಲಿನಿಂದ ನಡುವಿನದಕ್ಕೆ, ಅಲ್ಲಿಂದ ಹಿಂದಿನದಕ್ಕೆ ಹಾಕಿದರು. "ನೋಡುವವರ ಕಣ್ಣು ಅವಳ ಮೇಲೇ ಹೋಗುತ್ತೆ" ಎಂಬ ಕಾರಣ. ರಂಗದ ಮೇಲೆ ಕಣ್ಣು ಹೋಗುವುದು ತಪ್ಪಂತೆ! ಎರಡು ವರ್ಷ ಹಲ್ಲು ಕಚ್ಚಿಕೊಂಡಿದ್ದಳು. ಒಂದು ದಿನ ಶೂಗಳನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಕೊಕ್ಕರೆ. ಅವಳಿಗಾಗ ಏಳು ವರ್ಷ. ಕಂಪನಿಯ ಶಾಲೆಗೆ ಸೇರುವ ಪರೀಕ್ಷೆ. ನಾನೇ ಕೈ ಹಿಡಿದು ಕರೆದುಕೊಂಡು ಬಂದೆ. ಅವಳ ಮೊದಲ ಟೈಟ್ಸ್ ಬೇಯಿಸುತ್ತಿದ್ದೆ. ಹನ್ನೆರಡು ನಿಮಿಷ ಬೇಕಿತ್ತು. ಎಂಟಕ್ಕೆ ಎತ್ತಿದೆ. ಯಾರೂ ಹೇಳಿರಲಿಲ್ಲ. ತಿಳಿಯಾಗಿ ಕಂಡರೆ ಮಗುವಿಗೆ ಒಳ್ಳೆಯದು ಅಂದುಕೊಂಡೆ. ತೋಳಿಗೂ ಅದೇ ಎಂಟು ನಿಮಿಷದ ಜಾಲರಿ. ಪರೀಕ್ಷೆ ಮಾಡಿದವರು, "ಈ ಮಗು ಸಾಲಿಗೆ ಹೊಂದುತ್ತೆ" ಅಂದರು. ನಾನು ಹಿಗ್ಗಿದೆ. ಅಂದಿನಿಂದ ಎಂಟು.

ಬೇರೆಯವರ ಮಗಳಿಗೆ ಅವಳದೇ ಬಣ್ಣ. ನಮ್ಮ ಮಗಳಿಗೆ ಮಾತ್ರ ನಾಲ್ಕು ನಿಮಿಷ ಕಡಿತ. ಪ್ರೀತಿಯಂತೆ. ಥೂ.

ಹದಿನಾರು ವರ್ಷ. ಅವಳ ಕಾಲನ್ನು ಇವರಿಗೆ ಒಂದು ಸಲವೂ ತೋರಿಸಿಲ್ಲ ನಾನು. ತೋರಿಸಿದ್ದರೆ ತೆಗೆದುಕೊಳ್ಳುತ್ತಿದ್ದರೋ ಇಲ್ಲವೋ. ಇನ್ನು ಗೊತ್ತಾಗುವುದೇ ಇಲ್ಲ. ಅದನ್ನು ನೆನೆದರೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 10

ಬಿಳಿ ಅಂಕದ ಪಟ್ಟಿ ಹಾಕಿದರು. ಇಪ್ಪತ್ತನಾಲ್ಕು ಹೆಸರು. ಮೂರು ಸಲ ಎಣಿಸಿದೆ. ಕೊಕ್ಕರೆ ಇಲ್ಲ. ಅವಳ ಜಾಗದಲ್ಲಿ ಶಾಲೆಯಿಂದ ಬಂದ ಹೊಸ ಹುಡುಗಿ. ಬಿಳಿ, ತೆಳ್ಳಗೆ, ಇನ್ನೂ ತಿರುಗುವಾಗ ಎಡವುತ್ತಾಳೆ.

ಕೋಲನ್ನು ಕೇಳಿದೆ. "ವಿಶ್ರಾಂತಿ ಕೊಟ್ಟಿದೀವಿ. ಮನಸ್ಸಿಗೆ ಆಯಾಸ ಆಗಿದೆ ಅವಳಿಗೆ." ಟಕ್.

ಆಡಿದ ಮಾತು ಇಲ್ಲೇ ಇರುತ್ತದೆ ಎಂದಿದ್ದಳಲ್ಲ ಮಾತಿನಮ್ಮ. ಇಲ್ಲೇ ಇದೆ, ನಿಜ. ಪಟ್ಟಿಯಾಗಿ ಗೋಡೆಗೆ ಅಂಟಿಕೊಂಡಿದೆ. ಪೋಸ್ಟರ್ ಪಕ್ಕದಲ್ಲೇ! ಪೋಸ್ಟರನ್ನು ತೆಗೆಯಬೇಕು ಎಂದು ಕೂಡ ಯಾರಿಗೂ ಹೊಳೆದಿಲ್ಲ.

ಮಾರ್ಚ್ 19, ಬುಧವಾರ

ಗಿಣಿ ಸುಮ್ಮನಿರುವವಳಲ್ಲ. ಅವತ್ತು ಕಿಟಕಿಯ ಬಳಿ ತಾನೇ ತೆಗೆದ ಫೋಟೋ — ಕೊಕ್ಕರೆಯ ತೋಳು, ಪಕ್ಕದಲ್ಲಿ ಟೈಟ್ಸ್ — ಅದರ ಕೆಳಗೆ ಪೋಸ್ಟರಿನ ವಾಕ್ಯವನ್ನೇ ಬರೆದು ಫೋನಿನಲ್ಲಿ ಎಲ್ಲೆಡೆ ಹರಡಿದ್ದಾಳೆ. ಪತ್ರಿಕೆಯವರು ಆಫೀಸಿಗೆ ಫೋನ್ ಮೇಲೆ ಫೋನ್. ನಿರ್ದೇಶಕರ ಹಸನ್ಮುಖ ಎಲ್ಲೋ ಬಿದ್ದುಹೋಗಿದೆ.

ಕೊಕ್ಕರೆ ನನ್ನ ಫೋನ್ ಎತ್ತುತ್ತಿಲ್ಲ. ಕೋಣೆಯ ಮುಂದೆ ಹಾದುಹೋಗುತ್ತಾಳೆ. ಒಳಗೆ ನೋಡುವುದಿಲ್ಲ. ಶೂಗೆ ಬಣ್ಣ ಅವಳೇ ಹಚ್ಚಿಕೊಳ್ಳುತ್ತಿದ್ದಾಳೆ, ಮನೆಯಲ್ಲಿ. ಗೆರೆ ಗೆರೆಯಾಗಿದೆ, ಕೈ ಪಳಗಿಲ್ಲ. ಹೋಗಿ ಸರಿ ಮಾಡಿಕೊಡಲೇ ಎಂದು ಎದ್ದೆ. ಕೂತೆ.

ಮಾರ್ಚ್ 21, ಶುಕ್ರವಾರ. ಮಧ್ಯಾಹ್ನ 3

ಇವತ್ತು ಮನಬಿಚ್ಚಿ ಮಾತು ಇಲ್ಲ. 'ಪೂರ್ವತಯಾರಿ'ಗಾಗಿ ಮುಂದೂಡಿದೆಯಂತೆ. ಮನಸ್ಸು ಬಿಚ್ಚಲು ಎಂಥ ತಯಾರಿಯೋ.

ನಿರ್ದೇಶಕರು ನನ್ನನ್ನು ಕರೆಸಿದರು. ಕುರ್ಚಿ ಕೊಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಮೇಜಿನ ಮೇಲೆ ಒಂದು ಕಾಗದ, ಟೈಪ್ ಮಾಡಿದ್ದು. 'ಬಣ್ಣದ ಪುಡಿಯ ದೋಷದಿಂದಾಗಿ ವ್ಯತ್ಯಾಸ ಉಂಟಾಗಿದೆ. ಕಂಪನಿಯಲ್ಲಿ ಎಲ್ಲರಿಗೂ ಅವರವರ ಬಣ್ಣವನ್ನೇ ಒದಗಿಸಲಾಗುತ್ತದೆ.' ಕೆಳಗೆ ನನ್ನ ಹುದ್ದೆ. ಸಹಿಗೆ ಜಾಗ.

"ನೀವು ಅವತ್ತು ಹೇಳಿದ್ದನ್ನೇ ಬರೆಸಿದೀನಿ. ಒಂದಕ್ಷರ ಸೇರಿಸಿಲ್ಲ."

ನಿಜ. ಸುಳ್ಳು ನನ್ನದೇ. ಅವರು ಇಸ್ತ್ರಿ ಮಾಡಿ ಕೊಟ್ಟಿದ್ದಾರೆ ಅಷ್ಟೇ.

"ನೋಡಿ, ಯಾರ ಮೇಲೂ ತಪ್ಪು ಬರೋದು ಬೇಡ. ಪ್ಯಾಕೆಟ್ಟಿನ ಮೇಲೆ ಬಂದ್ರೆ ಯಾರಿಗೂ ನೋವಿಲ್ಲ. ನಿಮ್ಮ ಅಕ್ಕನ ಮಗಳನ್ನೂ ಪಟ್ಟಿಗೆ ಹಾಕ್ತೀವಿ. ಆರೋಗ್ಯ ಸುಧಾರಿಸಿದೆ ಅಂತ."

"ಬಿಳಿ ಬಳಿದೋ, ಬಳಿಯದೆಯೋ?" ಎಂದೆ.

"ಪದ್ಧತಿ ಹೇಗಿದೆಯೋ ಹಾಗೆ."

ಮುಂದಿನ ಶುಕ್ರವಾರದ ಒಳಗೆ ಸಹಿ ಮಾಡಿ ಕೊಡಬೇಕು. ಕಾಗದ ಚೀಲದಲ್ಲಿದೆ. ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಅದೂ ಮೊದಲ ಸಲ.

ಮಾರ್ಚ್ 22, ಶನಿವಾರ

ಅಕ್ಕ ಬಂದಿದ್ದಳು. ಕಾಗದ ಓದಿದಳು. ಪೆನ್ನು ಹುಡುಕಲು ಶುರು ಮಾಡಿದಳು.

"ಹಾಕೇ ಸಹಿ. ಪುಡಿಗೇನು ಮಾನವೇ ಮರ್ಯಾದೆಯೇ?"

"ಪುಡಿದಲ್ಲ ಅಕ್ಕ ತಪ್ಪು. ನಂದು." ಹೇಳಿದೆ. ಎಂಟು ನಿಮಿಷ, ಹನ್ನೆರಡು ನಿಮಿಷ, ಎಲ್ಲ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕ ನನ್ನ ಕೈ ಹಿಡಿದುಕೊಂಡಳು. "ನಂಗೊತ್ತಿತ್ತು ಕಣೇ. ಮನೇಲಿ ಒಗೆಯೋಳು ನಾನಲ್ವಾ? ಎಷ್ಟು ಯೋಚನೆ ಮಾಡಿ ಮಾಡ್ತಾಳೆ ನನ್ನ ತಂಗಿ ಅಂದ್ಕೋತಿದ್ದೆ."

ಕೈ ಬಿಡಿಸಿಕೊಂಡೆ. ಇಬ್ಬರ ಮೇಲೂ ಸಿಟ್ಟು ಬಂತು. ಒಂದೇ ಮನೆಯಲ್ಲಿ ಹುಟ್ಟಿದ ಇಬ್ಬರು ಹೆಂಗಸರು ಸೇರಿ ಒಂದು ಮಗುವನ್ನು ತೊಳೆದದ್ದೇ ತೊಳೆದದ್ದು.

ಮಾರ್ಚ್ 23, ಭಾನುವಾರ. ಸಂಜೆ 5

ಬಸ್ ಸ್ಟಾಪಿನಲ್ಲಿ ಕೊಕ್ಕರೆ ಸಿಕ್ಕಳು. ಸಿಕ್ಕಳು ಎಂದರೇನು, ಒಂದು ಗಂಟೆ ಕಾದು ಹಿಡಿದೆ. ಕಾಗದ ತೋರಿಸಿದೆ. ಓದಿದಳು. ಎರಡು ಸಲ.

"ಪುಡಿ ಕೆಟ್ಟಿತ್ತಾ?"

"ಇಲ್ಲ."

"ಅವರು ಹೇಳಿದ್ರಾ ನಿಂಗೆ, ತಿಳಿಯಾಗಿ ಮಾಡು ಅಂತ?"

"ಇಲ್ಲ."

ಬಸ್ಸು ಬಂತು, ಹೋಯಿತು. ಹತ್ತಲಿಲ್ಲ ಅವಳು. "ಅವರು ಹೇಳಿದಾರೆ ಅಂದಿದ್ರೆ ಎಷ್ಟು ಸುಲಭ ಆಗ್ತಿತ್ತು ಗೊತ್ತಾ ಚಿಕ್ಕಮ್ಮ. ಅವರ ಮೇಲೆ ಸಿಟ್ಟು ಮಾಡ್ಕೊಂಡು ನಿನ್ನ ಮನೆಗೆ ಬಂದು ಮಲಗ್ತಿದ್ದೆ."

ಬಸ್ಸು ಹೋದ ದಾರಿ ನೋಡುತ್ತ ನಿಂತೆ.

"ಅವರು ನನ್ನ ಹಿಂದೆ ನಿಲ್ಲಿಸಿದ್ರು, ಸರಿ. ಬಿಳಿ ಬಳಿದ್ರು, ಸರಿ. ಮೈ ಒರೆಸ್ಕೊಂಡು ಬಂದು ನಿನ್ನ ಟೈಟ್ಸ್ ಹಾಕ್ಕೊಂಡಾಗ, ಹಾಂ ಇದು ನಾನು ಅಂದ್ಕೋತಿದ್ದೆ." ಕಾಗದವನ್ನು ಮಡಚಿ ವಾಪಸ್ ಕೊಟ್ಟಳು. "ಸಹಿ ಹಾಕು, ಬಿಡು. ಆದ್ರೆ ನಂಗೋಸ್ಕರ ಅಂತ ಹಾಕ್ಬೇಡ. ನಂಗೋಸ್ಕರ ಮಾಡಿದ್ದು ಸಾಕು."

ಮುಂದಿನ ಬಸ್ಸಿಗೆ ಹೋದಳು.

ಮಾರ್ಚ್ 28, ಶುಕ್ರವಾರ. ಸಂಜೆ 7.15

ನಾಲ್ಕು ದಿನ ಬರೆಯಲಿಲ್ಲ. ಪೆನ್ನು ಹಿಡಿದರೆ ಸಹಿ ಹಾಕಿಬಿಡುತ್ತೇನೇನೋ ಎಂಬ ಭಯ.

ಇವತ್ತು ಮೂರನೇ ಮಾತು. ದುಂಡಗೆ ಕುರ್ಚಿ. ಮಾತಿನಮ್ಮ ಕೈ ಜೋಡಿಸಿ, "ಹೋದ ಸಲದ ಗೊಂದಲದ ಬಗ್ಗೆ ಉಡುಪಿನ ಕೋಣೆಯವರು ಒಂದು ಪತ್ರ ಓದ್ತಾರೆ" ಎಂದಳು. ಎದ್ದೆ. ಪತ್ರದ ಬದಲು ಬಣ್ಣದ ಪುಸ್ತಕ ತಂದಿದ್ದೆ. ಎರಡು ಪುಟ ಓದಿದೆ. ಗಿಣಿ, ಹದಿನಾಲ್ಕು ನಿಮಿಷ. ನನ್ನ ಅಕ್ಕನ ಮಗಳು, ಎಂಟು.

"ಪುಡಿ ಚೆನ್ನಾಗಿದೆ. ಹನ್ನೆರಡಕ್ಕೆ ತೆಗೀಬೇಕಾದ್ದನ್ನ ಎಂಟಕ್ಕೆ ತೆಗೆದೆ. ಹದಿನಾರು ವರ್ಷ ತೆಗೆದೆ. ಸುಳ್ಳು ಹೇಳಿದ್ದೂ ನಾನೇ."

ನಿರ್ದೇಶಕರು, "ಇದು ನಿಮ್ಮ ಮನೆ ವಿಷಯ, ಇಲ್ಲಿ ಬೇಡ" ಎಂದರು.

ಆಗ ಬಂತು ನನಗೆ ಸಿಟ್ಟು. ಇಪ್ಪತ್ತೆರಡು ವರ್ಷದ್ದು, ಒಟ್ಟಿಗೆ. "ಮನೆ ವಿಷಯನಾ? ಹಾಗೆ ಮಾಡು ಅಂತ ನೀವು ಯಾರೂ ನನಗೆ ಹೇಳ್ಲಿಲ್ಲ. ಹೇಳೋ ಅಗತ್ಯವೇ ಬೀಳ್ಲಿಲ್ಲ ನಿಮಗೆ. ಯಾರು ಮುಂದೆ ನಿಲ್ತಾರೆ, ಯಾರು ಹಿಂದೆ ಹೋಗ್ತಾರೆ ಅಂತ ನೋಡ್ತಾ ನೋಡ್ತಾ ನಾನೇ ಕಲಿತೆ. ಅಷ್ಟು ಚೆನ್ನಾಗಿ ಕಲಿಸಿದೀರಿ. ಇದೇ ಗೋಡೇಲಿ ಅವಳ ಪೋಸ್ಟರ್, ಇದೇ ಗೋಡೇಲಿ ಅವಳಿಲ್ಲದ ಪಟ್ಟಿ. ಇನ್ನು ಬಕೆಟ್ ನಾನು ಕಲಸಲ್ಲ. ಬೇಕಾದವರು ಕಲಸ್ಕೊಳ್ಳಿ."

ಮಾತಿನಮ್ಮ, "ಹಂಚಿಕೊಂಡಿದ್ದಕ್ಕೆ ಧನ್ಯವಾದ" ಎಂದಳು. "ಹಂಚೋಕೆ ಇದೇನು ಸಿಹಿಯಾ ತಾಯಿ?" ಎಂದು ಗಿಣಿ ಕೂಗಿದಳು.

ಕೋಲು ಎದ್ದಳು. ಕುಟ್ಟಲಿಲ್ಲ. ಕೋಲನ್ನು ಕುರ್ಚಿಗೆ ಒರಗಿಸಿದಳು. "ಆ ಮೊದಲಿನ ಹುಡುಗಿ... ಹಾರ್ತಿದ್ಳಲ್ಲ. ಅವಳನ್ನ ಹಿಂದಕ್ಕೆ ಹಾಕಿದ್ದು ನಾನೇ. ಯಾರೂ ಹೇಳಿರ್ಲಿಲ್ಲ ನನಗೂ." ಕೂತಳು. ಇಷ್ಟು ವರ್ಷದಲ್ಲಿ ಆ ಹೆಂಗಸಿನ ಬಾಯಿಂದ ಕೇಳಿದ ಮೊದಲ ಪೂರ್ತಿ ಮಾತು. ಕ್ಷಮಿಸಬೇಕು ಅನ್ನಿಸಲಿಲ್ಲ. ಆದರೆ ಕೇಳಿಸಿಕೊಂಡೆ.

ಅಲ್ಲಿಂದ ಶುರುವಾಯಿತು ನೋಡಿ. ಒಬ್ಬಳು ತನ್ನ ಕೂದಲ ಬಗ್ಗೆ, ಇನ್ನೊಬ್ಬ ತನ್ನ ಮೂಗಿನ ಬಗ್ಗೆ, ಬಿಳಿ ಹುಡುಗಿಯೊಬ್ಬಳು ತಾನು ಏನನ್ನೂ ಕೇಳದೇ ಇದ್ದದ್ದರ ಬಗ್ಗೆ. ಆರು ಗಂಟೆಯಾದರೂ ಯಾರೂ ಏಳಲಿಲ್ಲ. ನಿರ್ದೇಶಕರು ಮಾತ್ರ ಗಡಿಯಾರ ನೋಡಿಕೊಂಡು ಹೊರಟರು.

ಕೊಕ್ಕರೆ ಕೊನೆಯವರೆಗೂ ಇದ್ದಳು. ನನ್ನತ್ತ ನೋಡಲಿಲ್ಲ.

ಮಾರ್ಚ್ 31, ಸೋಮವಾರ

ಪತ್ರ ಬಂತು. ಐದನೇ ತಾರೀಕಿನಿಂದ ನನಗೂ ವಿಶ್ರಾಂತಿಯಂತೆ. ಮನಸ್ಸಿಗೆ ಆಯಾಸ! ಇವರ ಬಳಿ ಇರುವುದು ಒಂದೇ ಔಷಧಿ.

ಪಟ್ಟಿ ಹಾಗೆಯೇ ಇದೆ. ಕೊಕ್ಕರೆ ಇಲ್ಲ. ಗಿಣಿ ತನ್ನ ಹೆಸರನ್ನು ತಾನೇ ಹೊಡೆದುಹಾಕಿದ್ದಾಳೆ, ಕೆಂಪು ಪೆನ್ನಿನಲ್ಲಿ. ಪೋಸ್ಟರನ್ನು ಕೊನೆಗೂ ತೆಗೆದರು. ಗೋಡೆಯ ಮೇಲೆ ಆಳೆತ್ತರದ ಬಿಳಿ ಚೌಕ ಉಳಿದಿದೆ.

ಬಿಳಿ ಕಲಸುವ ಅಳತೆ ಕೇಳಲು ಆಫೀಸಿನಿಂದ ಒಬ್ಬರು ಬಂದರು. ಮರೆತುಹೋಗಿದೆ ಎಂದೆ.

ಏಪ್ರಿಲ್ 1, ಮಂಗಳವಾರ. ಮಧ್ಯಾಹ್ನ 3.40

ಅವಳು ಬಂದಿದ್ದಾಳೆ. ಎದುರಿಗೇ ಕೂತಿದ್ದಾಳೆ.

ಬಾಗಿಲಲ್ಲೇ ನಿಂತು ಹೇಳಿದಳು. "ಗುರುವಾರ ಬೇರೆ ಕಂಪನೀಲಿ ಆಡಿಷನ್. ಒಂದು ಜೊತೆ ಟೈಟ್ಸ್ ಬೇಕು. ಚೆನ್ನಾಗಿ ಬಣ್ಣ ಹಾಕೋರು ನಂಗೆ ಬೇರೆ ಯಾರೂ ಗೊತ್ತಿಲ್ಲ." ಒಳಗೆ ಬಂದಳು. ತೋಳು ಮಡಚಿ ಬರಿ ಕೈಯನ್ನು ಮೇಜಿನ ಮೇಲಿಟ್ಟಳು. "ನೋಡ್ಕೊಂಡು ಮಾಡು."

ನೋಡಿದೆ. ಹದಿನಾರು ವರ್ಷದಲ್ಲಿ ನೋಡದ ಹಾಗೆ ನೋಡಿದೆ. ಮೊಣಕೈ ಬಳಿ ಇನ್ನೂ ಗಾಢ. ಮಣಿಕಟ್ಟಿನ ಒಳಗೆ ಸ್ವಲ್ಪ ಕೆಂಪು. ಕಪ್ಪನ್ನು ಒಂದು ಸೂಜಿಮೊನೆ ಜಾಸ್ತಿ ಹಾಕಿದೆ. ನೀರು ಕಾಯಿಸಿದೆ. ಅದ್ದಿದೆ. ಕಡ್ಡಿಯಲ್ಲಿ ತಿರುವುತ್ತ ಏನೋ ಹೇಳಲು ಹೋದೆ — ಅವತ್ತಿನದಕ್ಕೆ, ಎಲ್ಲದಕ್ಕೆ. "ಪಾತ್ರೆ ನೋಡು" ಎಂದಳು.

ತೆಗೆದೆ. ಹಿಂಡಿದೆ. ಕೂದಲು ಒಣಗಿಸುವ ಮೆಷಿನ್ ಹಿಡಿದು ಒಣಗಿಸಿದೆ. ಅವಳ ತೋಳಿನ ಪಕ್ಕ ಹಾಸಿದೆ.

ತಿಳಿ.

ಗೋಡೆಯ ಗಡಿಯಾರ ನೋಡಿದೆ. ಎಂಟು ನಿಮಿಷಕ್ಕೆ ಎತ್ತಿದ್ದೇನೆ. ಯಾರೂ ಹೇಳಿಲ್ಲ. ನನಗೆ ಗೊತ್ತೇ ಆಗಿಲ್ಲ. ಪುಸ್ತಕದಲ್ಲಿ ಹೊಡೆದುಹಾಕಿ ಹನ್ನೆರಡು ಎಂದು ಬರೆದಿಟ್ಟಿದ್ದೆ, ನಲವತ್ತು ಜನರೆದುರು ಕಿರುಚಾಡಿ ಬಂದಿದ್ದೆ. ಕೈಗೆ ಅದಾವುದೂ ಮುಟ್ಟಿಲ್ಲ. ಈ ಕೈಯನ್ನು ಕಡಿದು ಪಾತ್ರೆಗೆ ಹಾಕೋಣ ಅನ್ನಿಸಿತು.

ಅವಳೂ ನೋಡಿದಳು. ಬೈಯಲಿಲ್ಲ. ತೋಳನ್ನು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಎದ್ದು, ಟೈಟ್ಸನ್ನು ತಾನೇ ಮತ್ತೆ ನೀರಿಗೆ ಹಾಕಿದಳು. ನನ್ನನ್ನು ದೂರ ಕೂರಿಸಿದಳು. ಕೈ ಸುಮ್ಮನಿರಲಿ ಎಂದು ಬರೆಯುತ್ತಿದ್ದೇನೆ. ಒಂಬತ್ತು ಎಂದಳು. ಹತ್ತು. ನನಗೆ ಎತ್ತಬೇಕು ಅನ್ನಿಸುತ್ತಿದೆ. ಈಗಲೂ. ಸಾಕು, ಜಾಸ್ತಿಯಾಯಿತು ಎಂದು ಒಳಗೆ ಯಾರೋ ಕೂಗುತ್ತಿದ್ದಾರೆ. ಅಮ್ಮನ ದನಿಯ ಹಾಗಿದೆ. ಅವಳು ನನ್ನನ್ನೇ ನೋಡುತ್ತಿದ್ದಾಳೆ. ಹನ್ನೊಂದು ಎಂದಳು. ಇನ್ನೂ ಒಂದು ನಿಮಿಷ, ನಾನು ಇಲ್ಲಿಂದ ಏಳಬಾರದು.